ಗೇರಿನ ಕಾರು ಪದೇ ಪದೇ ಆಫ್ ಆಗುವುದು ಯಾಕೆ?

ಡ್ರೈವಿಂಗ್ ಸ್ಕೂಲಿನಲ್ಲಿ 20 ದಿನ ಕಾರು ಓಡಿಸಿದೆ. ಒಂದು ಸಲವೂ ಗಾಡಿ ಆಫ್ ಆಗಲಿಲ್ಲ. ಪರವಾಗಿಲ್ಲ, ಡ್ರೈವಿಂಗ್ ಕೈಗೆ ಹತ್ತಿತು ಅಂದುಕೊಂಡೆ. 21ನೇ ದಿನ ಮನೆಯ ಕಾರು ತೆಗೆದೆ. ಗೇಟು ದಾಟುವಷ್ಟರಲ್ಲಿ ಏಳು ಸಲ ಆಫ್ ಆಯಿತು. ಎಂಟನೇ ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ಎದುರುಮನೆಯವರ ರಂಗೋಲಿಯ ಮೇಲೆ ಹೋಗಿ ನಿಂತಿತು.

ಗುಟ್ಟು ಆಮೇಲೆ ಗೊತ್ತಾಯಿತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕ ಕೂರುವವರ ಕಾಲಡಿಯಲ್ಲೂ ಕ್ಲಚ್, ಬ್ರೇಕ್ ಇರುತ್ತವೆ. ಕಲಿಸುವ ಕಾರಿಗೆ ಹೀಗೆ ಎರಡು ಕಡೆ ಹಿಡಿತ ಇರಬೇಕು ಅಂತ ಕಾನೂನೇ ಹೇಳುತ್ತದೆ. ಒಳ್ಳೆಯದೇ. ಆದರೆ ನನ್ನ ಗುರುಗಳು ಆ 20 ದಿನವೂ ನನ್ನ ಬದಲಿಗೆ ತಾವೇ ಕ್ಲಚ್ ನೋಡಿಕೊಂಡಿದ್ದರು. ನಾನು ಸುಮ್ನೆ ಸ್ಟೇರಿಂಗ್ ತಿರುಗಿಸಿದ್ದೆ, ಅಷ್ಟೇ.

ನನಗೆ ನಿಜವಾಗಿ ಕಾರು ಕಲಿಸಿದ್ದು ಸಕಲೇಶಪುರದ ಚಿಕ್ಕಪ್ಪ. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ ಒಂದೇ ಮಾತು ಹೇಳಿದರು. "ಇವತ್ತು ರೇಸ್ ಮುಟ್ಟಬೇಡ ಪುಟ್ಟಿ. ಬಲಗಾಲು ಬ್ರೇಕಿನ ಹತ್ರ ಸುಮ್ನೆ ಕಾಯ್ತಿರ್ಲಿ. ಎಡಗಾಲಲ್ಲೇ ಗಾಡಿ ಹೊರಡಿಸು."

ರೇಸ್ ಅಂದರೆ ಆಕ್ಸಿಲರೇಟರ್. ಅದನ್ನು ಮುಟ್ಟದೆ ಕಾರು ಹೊರಡುತ್ತಾ? ಹೊರಡುತ್ತದೆ. ಅದು ಹೇಗೆ ಅಂತ ಅರ್ಥವಾದರೆ ಗೇರಿನ ಕಾರಿನ ಮುಕ್ಕಾಲು ಭಾಗ ಅರ್ಥವಾದಂತೆ. ಅದಕ್ಕೆ ಬಾನೆಟ್ಟಿನೊಳಗೆ ಸ್ವಲ್ಪ ಇಣುಕಬೇಕು.

ಪೆಟ್ರೋಲ್ ಮತ್ತು ಡೀಸೆಲ್ ಇಂಜಿನ್ನಿಗೆ ಒಂದು ಹುಟ್ಟುಗುಣ ಇದೆ. ಅದಕ್ಕೆ ತೀರಾ ನಿಧಾನವಾಗಿ ತಿರುಗಲು ಬರುವುದಿಲ್ಲ. ಕಾರು ನಿಂತಿದ್ದರೂ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಲೇ ಇರುತ್ತದೆ. ಮೂರು ಸಿಲಿಂಡರಿನ ಸಣ್ಣ ಕಾರಾದರೆ ಆಗಲೂ ಸೆಕೆಂಡಿಗೆ 20 ಸಲ ಒಳಗೆ ಇಂಧನ ಉರಿಯುತ್ತಿರುತ್ತದೆ. ಒಂದು ಸಲ ಉರಿದಾಗ ಸಿಕ್ಕ ಜೋರಿನಲ್ಲೇ ಮುಂದಿನ ಸಲಕ್ಕೆ ಬೇಕಾದ ಗಾಳಿಯನ್ನು ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಒತ್ತಬೇಕು. ಸುತ್ತು ತುಂಬಾ ಕಮ್ಮಿಯಾದರೆ ಆ ಜೋರು ಸಾಲುವುದಿಲ್ಲ. ಪಿಸ್ಟನ್ ಅರ್ಧದಲ್ಲೇ ನಿಲ್ಲುತ್ತದೆ. ಗಾಡಿ ಆಫ್ ಆಯಿತು ಅನ್ನುವುದು ಇದಕ್ಕೇ.

ಚಕ್ರದ ಕಥೆ ಬೇರೆ. ಅದು ಸೊನ್ನೆಯಿಂದಲೇ ಶುರು ಮಾಡಬೇಕು. ಒಂದು ಕಡೆ 800ಕ್ಕಿಂತ ಕೆಳಗೆ ಇಳಿಯಲು ಒಲ್ಲದ ಇಂಜಿನ್. ಇನ್ನೊಂದು ಕಡೆ ನಿಂತೇ ಇರುವ ಚಕ್ರ. ಎರಡನ್ನೂ ಒಮ್ಮೆಲೇ ಬಿಗಿದರೆ ಒಂದೋ ಕಾರು ಚಿಮ್ಮಬೇಕು, ಇಲ್ಲವೇ ಇಂಜಿನ್ ನಿಲ್ಲಬೇಕು. ಒಂದು ಟನ್ ತೂಕದ ಕಾರು ಅಷ್ಟು ಸುಲಭಕ್ಕೆ ಚಿಮ್ಮುವುದಿಲ್ಲ. ಒಂದು ಸಲ ಕುಪ್ಪಳಿಸಿ ಇಂಜಿನ್ನನ್ನೇ ನಿಲ್ಲಿಸುತ್ತದೆ. ರಂಗೋಲಿಯ ಮೇಲೆ ಆದದ್ದು ಅದೇ.

ಕರೆಂಟಿನ ಮೋಟಾರಿಗೆ ಈ ಕಷ್ಟ ಇಲ್ಲ. ನಿಂತ ಜಾಗದಿಂದಲೇ ಅದು ಜೋರು ಕೊಡುತ್ತದೆ. ಅದಕ್ಕೇ 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ಪುಟ್ಟ ರೇವಾ ಕಾರಿನಲ್ಲಿ ಕ್ಲಚ್ ಪೆಡಲ್ಲೇ ಇರಲಿಲ್ಲ.

ಇಂಜಿನ್ನಿಗೂ ಚಕ್ರಕ್ಕೂ ನಡುವೆ ರಾಜಿ ಮಾಡಿಸುವುದು ಕ್ಲಚ್. ಹಳೇ ಕಾಲದ ಹಿಟ್ಟಿನ ಗಿರಣಿ ನೋಡಿದವರಿಗೆ ಇದನ್ನು ಹೇಳಿಕೊಡುವುದು ಸುಲಭ. ಅಲ್ಲಿ ಇಂಜಿನ್ ತಿರುಗುತ್ತಲೇ ಇರುತ್ತಿತ್ತು. ಬೆಲ್ಟು ಒಂದು ಖಾಲಿ ಗಾಲಿಯ ಮೇಲೆ ಸುಮ್ಮನೆ ಓಡುತ್ತಿತ್ತು. ರಾಗಿ ತಂದವರು ಬಂದರೆ ಗಿರಣಿಯವರು ಬೆಲ್ಟನ್ನು ಪಕ್ಕದ ಗಾಲಿಗೆ ಮೆಲ್ಲಗೆ ಸರಿಸುತ್ತಿದ್ದರು. ಬೆಲ್ಟು ಮೊದಲು ಜಾರುತ್ತಿತ್ತು, ಕಿರ್ ಅನ್ನುತ್ತಿತ್ತು, ಆಮೇಲೆ ಹಿಡಿಯುತ್ತಿತ್ತು. ಬೀಸುವ ಕಲ್ಲು ಆಗ ನಿಧಾನಕ್ಕೆ ತಿರುಗಲು ಶುರು. ಆ ಜಾರುವ ಹೊತ್ತು ಇಲ್ಲದಿದ್ದರೆ ಬೆಲ್ಟು ಹರಿಯಬೇಕು ಇಲ್ಲವೇ ಇಂಜಿನ್ ನಿಲ್ಲಬೇಕು.

ಕಾರಿನಲ್ಲೂ ಹೀಗೆಯೇ. ಬೆಲ್ಟಿನ ಬದಲು ತಟ್ಟೆಗಳು. ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಅನ್ನುವ ಭಾರದ ಚಕ್ರ ಇದೆ. ಅದಕ್ಕೆ ಮುಖ ಮಾಡಿ ಕ್ಲಚ್ ಪ್ಲೇಟ್ ಕೂತಿದೆ. ಪ್ಲೇಟಿನ ಎರಡೂ ಮುಖಕ್ಕೆ ಬ್ರೇಕಿನ ಲೈನರಿನಂಥ ಒರಟು ಪದರ. ಹಿಂದಿನಿಂದ ಪ್ರೆಶರ್ ಪ್ಲೇಟು ಸ್ಪ್ರಿಂಗಿನ ಬಲದಲ್ಲಿ ಅದನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ಪೆಡಲ್ ಮುಟ್ಟದಿದ್ದಾಗ ಮೂರೂ ಒಟ್ಟಿಗೆ ತಿರುಗುತ್ತವೆ. ಪೆಡಲ್ ಒತ್ತಿದರೆ ಪ್ಲೇಟಿನ ಮೇಲಿನ ಒತ್ತಡ ಹೋಗಿ ಅದು ಬಿಡಿಯಾಗುತ್ತದೆ. ಅಂದರೆ ಲೆಕ್ಕ ತಿರುಗುಮುರುಗು. ಕಾಲು ಒತ್ತಿದರೆ ಕ್ಲಚ್ ಬಿಡುತ್ತದೆ, ಕಾಲು ಬಿಟ್ಟರೆ ಕ್ಲಚ್ ಹಿಡಿಯುತ್ತದೆ. ಹೊಸಬರ ತಲೆ ಕೆಡುವುದು ಅರ್ಧ ಇದರಿಂದಲೇ.

ಪೆಡಲಿನ ಇಡೀ ಹಾದಿಯಲ್ಲಿ ಕೆಳಗಿನ ಭಾಗದಲ್ಲಿ ಏನೂ ನಡೆಯುವುದಿಲ್ಲ, ಮೇಲಿನ ಭಾಗದಲ್ಲೂ ಏನೂ ನಡೆಯುವುದಿಲ್ಲ. ಆಟವೆಲ್ಲ ನಡುವಿನ ಎರಡು ಬೆರಳಗಲದಲ್ಲಿ. ಅಲ್ಲಿ ಪ್ಲೇಟು ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಹಾಫ್ ಕ್ಲಚ್ ಅನ್ನುವುದು ಇದಕ್ಕೇ. ಒಂದೊಂದು ಕಾರಿನಲ್ಲಿ ಒಂದೊಂದು ಎತ್ತರಕ್ಕೆ ಇದು ಸಿಗುತ್ತದೆ. ಹತ್ತು ವರ್ಷ ಕಾರು ಓಡಿಸಿದವರೂ ಬೇರೆಯವರ ಕಾರಿನಲ್ಲಿ ಮೊದಲ ಸಲ ಆಫ್ ಮಾಡಿಕೊಳ್ಳುವುದು ಅದಕ್ಕೇ.

ಈಗ ಮೈದಾನಕ್ಕೆ ವಾಪಸ್. ಸೀಟು ಮುಂದೆ ಎಳೆದುಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಹವಾಯಿ ಚಪ್ಪಲಿ ಬೇಡ, ಅದು ಪೆಡಲಿನ ಅಡಿಗೆ ಸಿಕ್ಕಿಕೊಳ್ಳುತ್ತೆ. ಸಮತಟ್ಟಾದ ಜಾಗ ಇರಲಿ. ಕ್ಲಚ್ ಒತ್ತಿ, ಮೊದಲ ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಇಳಿಸಿ. ಇನ್ನು ಎಡಗಾಲನ್ನು ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನಿಧಾನಕ್ಕೆ ಬಿಡುತ್ತಾ ಬನ್ನಿ. ಕಣ್ಣು ಬೇಡ, ಕಿವಿ ಮತ್ತು ಬೆನ್ನು ಸಾಕು. ಒಂದು ಹಂತದಲ್ಲಿ ಇಂಜಿನ್ನಿನ ಸದ್ದು ಕುಗ್ಗುತ್ತದೆ. ಸೀಟಿನಲ್ಲಿ ಸಣ್ಣ ನಡುಕ. ಅಲ್ಲೇ ಕಾಲು ನಿಲ್ಲಿಸಿ. ಕಾರು ತಾನಾಗಿ ಉರುಳಲು ಶುರುಮಾಡುತ್ತದೆ. ಎರಡು ಸೆಕೆಂಡು ಹಾಗೇ ಹಿಡಿದು, ಆಮೇಲೆ ಉಳಿದದ್ದನ್ನು ಬಿಡಿ.

ತಪ್ಪಾಗುವುದು ಆ ಎರಡು ಸೆಕೆಂಡಿನಲ್ಲೇ. ಕಾರು ಹೊರಟಿತು ಅನ್ನುವ ಖುಷಿಗೆ ಎಡಗಾಲು ಪಟ್ಟನೆ ಮೇಲೆ ಬರುತ್ತೆ. ಚಕ್ರ ಇನ್ನೂ ಇಂಜಿನ್ನಿನ ಜತೆ ಸೇರಿರುವುದಿಲ್ಲ. ಠಕ್ ಅಂತ ಆಫ್. ಚಿಕ್ಕಪ್ಪ ಆಗ ಬೈಯಲಿಲ್ಲ. "ಕಾರು ಹೊರಟಮೇಲೂ ಕ್ಲಚ್ಚಿನ ಕೆಲಸ ಮುಗ್ದಿರಲ್ಲ ಕಣೆ" ಅಂದರು, ಅಷ್ಟೇ. ಆ ದಿನ ಇಪ್ಪತ್ತೋ ಮೂವತ್ತೋ ಸಲ ಬರೀ ಹೊರಟು ನಿಂತೆವು. ಇದಕ್ಕಿಂತ ಬೋರು ಹೊಡೆಸುವ ಪಾಠ ಇನ್ನೊಂದಿಲ್ಲ. ಇದಕ್ಕಿಂತ ಉಪಯೋಗದ್ದೂ ಇಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಸಣ್ಣ ಕಾರಿನ ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಬೇಕಾದರೆ ಇಂಜಿನ್ ಹೆಚ್ಚುಕಮ್ಮಿ 14 ಸುತ್ತು ತಿರುಗಬೇಕು. ಇಂಜಿನ್ 800 ಸುತ್ತಿನಲ್ಲಿದ್ದರೆ ಚಕ್ರ ನಿಮಿಷಕ್ಕೆ 57 ಸುತ್ತು. ಚಕ್ರದ ಸುತ್ತಳತೆ 1.8 ಮೀಟರ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ ಸುಮಾರು 100 ಮೀಟರ್, ಅಂದರೆ ಗಂಟೆಗೆ 6 ಕಿ.ಮೀ. ಬಿರಬಿರನೆ ನಡೆಯುವವರ ವೇಗ ಇದು. ರೇಸ್ ಮುಟ್ಟದೆ, ಕ್ಲಚ್ ಪೂರ್ತಿ ಬಿಟ್ಟಾಗ ನಿಮ್ಮ ಕಾರು ಹೋಗುವುದು ಇಷ್ಟು. ಇದಕ್ಕಿಂತ ನಿಧಾನ ಹೋಗಬೇಕಾದಾಗಲೆಲ್ಲ ಕ್ಲಚ್ ಜಾರಲೇಬೇಕು, ಬೇರೆ ದಾರಿ ಇಲ್ಲ. ಇದಕ್ಕಿಂತ ಜೋರಾಗಿದ್ದರೆ ಹಾಫ್ ಕ್ಲಚ್ಚಿನ ಹಂಗಿಲ್ಲ.

ಹಾಗಾದರೆ ರೇಸ್ ಯಾಕೆ ಬೇಕು? ಕ್ಲಚ್ ಹಿಡಿಯುವ ಹೊತ್ತಿನಲ್ಲಿ ಇಂಜಿನ್ ಕುಗ್ಗುತ್ತದೆ ಅಲ್ವಾ, ಆಗ ಅದಕ್ಕೆ ಸ್ವಲ್ಪ ಕಸುವು ಕೊಡಲು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಇರುವುದರಿಂದ ಸುತ್ತು ಇಳಿದ ಕೂಡಲೇ ಅದೇ ಸ್ವಲ್ಪ ಇಂಧನ ಜಾಸ್ತಿ ಬಿಡುತ್ತದೆ. ಮೈದಾನದಲ್ಲಿ ರೇಸ್ ಇಲ್ಲದೆ ಹೊರಡಲು ಆಗುವುದು ಅದರಿಂದ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಗಾಳಿ ಪೆಟ್ರೋಲ್ ಬೆರೆಸಲು ಕಾರ್ಬುರೇಟರ್ ಇತ್ತು, ಇದು ಇಷ್ಟು ಸಲೀಸಾಗಿರಲಿಲ್ಲ. ಆಗ ಕಲಿತವರು ಮೊದಲ ದಿನದಿಂದಲೇ ಎರಡೂ ಕಾಲು ಒಟ್ಟಿಗೆ ಆಡಿಸಲು ಕಲಿತರು. ಈಗಲೂ ನಮಗೆ ಹಾಗೆಯೇ ಕಲಿಸುತ್ತಾರೆ. ನನ್ನನ್ನು ಕೇಳಿದರೆ ಅದು ತಪ್ಪು. ಎಡಗಾಲಿಗೆ ಒಬ್ಬಂಟಿಯಾಗಿ ಒಂದು ದಿನ ಕೊಡಬೇಕು.

ಏರಿನಲ್ಲಿ ಮಾತ್ರ ರೇಸ್ ಇಲ್ಲದೆ ನಡೆಯುವುದಿಲ್ಲ. ಮಂಗಳೂರಿನ ಬಾವುಟಗುಡ್ಡೆಯ ಏರು, ಮಡಿಕೇರಿಯ ಪೇಟೆಯ ಬೀದಿ, ಬೆಂಗಳೂರಿನ ಯಾವುದಾದರೂ ಫ್ಲೈಓವರ್ ನೆನಪು ಮಾಡಿಕೊಳ್ಳಿ. ಟ್ರಾಫಿಕ್ ನಿಂತಿದೆ. ಹಿಂದೆ ಒಂದು ಆಟೋ ಅಂಟಿಕೊಂಡಂತೆ ನಿಂತಿದೆ. ಹತ್ತು ಅಡಿ ಹೋದರೆ ಒಂದು ಅಡಿ ಏರುವಂಥ ರಸ್ತೆಯಲ್ಲಿ ಸಾವಿರ ಕಿಲೋದ ಕಾರನ್ನು ಹೆಚ್ಚುಕಡಿಮೆ ನೂರು ಕಿಲೋ ತೂಕ ಹಿಂದಕ್ಕೆ ಎಳೆಯುತ್ತಿರುತ್ತದೆ. ಬ್ರೇಕಿನಿಂದ ಕಾಲು ತೆಗೆದ ಕ್ಷಣದಿಂದ ಕ್ಲಚ್ ಹಿಡಿಯುವ ತನಕ ಆ ನೂರು ಕಿಲೋವನ್ನು ತಡೆಯುವವರು ಯಾರೂ ಇಲ್ಲ. ಕಾರು ಹಿಂದೆ ಉರುಳುವುದು ಆ ಒಂದೆರಡು ಸೆಕೆಂಡಿನಲ್ಲಿ. ಗಾಬರಿಗೆ ಕ್ಲಚ್ ಪಟ್ಟನೆ ಬಿಡುತ್ತೇವೆ. ಆಫ್. ಹಿಂದಿನಿಂದ ಹಾರ್ನಿನ ಮಂಗಳಾರತಿ.

ಇದಕ್ಕೆ ಮದ್ದು ಹ್ಯಾಂಡ್ ಬ್ರೇಕ್. ಕಾರನ್ನು ಅದೇ ಹಿಡಿದುಕೊಂಡಿರಲಿ. ಮೊದಲ ಗೇರಿನಲ್ಲಿ ಸ್ವಲ್ಪ ರೇಸ್ ಕೊಡಿ, ಸದ್ದು ಒಂದೇ ಸಮ ಇರಲಿ. ಕ್ಲಚ್ಚನ್ನು ಹಿಡಿಯುವ ಜಾಗದವರೆಗೆ ಬಿಡಿ. ಸದ್ದು ಕುಗ್ಗುತ್ತದೆ, ಬಾನೆಟ್ಟು ಒಂಚೂರು ಮೇಲೆದ್ದಂತೆ ಕಾಣುತ್ತದೆ. ಕಾರು ಮುಂದೆ ಹೋಗಲು ತವಕಿಸುತ್ತಿದೆ, ಹ್ಯಾಂಡ್ ಬ್ರೇಕ್ ಬಿಡುತ್ತಿಲ್ಲ. ಈಗ ಎರಡೂ ಕಾಲು ಅಲ್ಲಾಡಿಸದೆ ಹ್ಯಾಂಡ್ ಬ್ರೇಕ್ ಇಳಿಸಿ. ಒಂದಿಂಚೂ ಹಿಂದೆ ಹೋಗದೆ ಕಾರು ಏರುತ್ತದೆ. ಮೊದಲ ಸಲ ಇದು ಸರಿಯಾಗಿ ಆದಾಗ ನನಗೆ ಲೈಸೆನ್ಸ್ ಸಿಕ್ಕಿದ್ದಕ್ಕಿಂತ ಜಾಸ್ತಿ ಖುಷಿಯಾಗಿತ್ತು.

ಈಗಿನ ಹಲವು ಕಾರುಗಳಲ್ಲಿ ಹಿಲ್ ಹೋಲ್ಡ್ ಇದೆ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಎರಡು ಮೂರು ಸೆಕೆಂಡು ಅದೇ ಕಾರನ್ನು ಹಿಡಿದಿಡುತ್ತದೆ. ಒಳ್ಳೆಯ ಸವಲತ್ತು. ಆದರೂ ಹ್ಯಾಂಡ್ ಬ್ರೇಕಿನ ಪಾಠ ಬಿಡಬೇಡಿ. ಲೈಸೆನ್ಸ್ ಪರೀಕ್ಷೆಯಲ್ಲಿ ಏನೇನು ನೋಡಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ಪಟ್ಟಿ ಇದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದೆ ಉರುಳದೆ ಮತ್ತೆ ಹೊರಡುವುದೂ ಅದರಲ್ಲಿ ಸೇರಿದೆ. ಎಲ್‌ಎಲ್‌ಆರ್ ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ 30 ದಿನ ಆದಮೇಲೆ ಪರೀಕ್ಷೆಗೆ ಹೋಗಬಹುದು, ಅದರ ಅವಧಿ 6 ತಿಂಗಳು. ಆ ತಿಂಗಳುಗಳಲ್ಲಿ ಒಂದು ಏರು ಹುಡುಕಿಕೊಳ್ಳಿ.

ಇನ್ನು ಗೇರು. ಹೊರಗಿನಿಂದ ನೋಡಿದವರಿಗೆ ಇದೇ ದೊಡ್ಡ ವಿದ್ಯೆ ಅನಿಸುತ್ತದೆ. ನಿಜ ಹೇಳಬೇಕೆಂದರೆ ಕ್ಲಚ್ ಬಂದವರಿಗೆ ಗೇರು ಒಂದು ವಾರದ ಕೆಲಸ. ಕಾರು ಗಂಟೆಗೆ 40 ಕಿ.ಮೀ.ನಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಮೊದಲ ಗೇರಿನಲ್ಲಿದ್ದರೆ ಇಂಜಿನ್ 5,000 ಸುತ್ತು ದಾಟಿ ಕಿರುಚುತ್ತಿರುತ್ತದೆ. ಮೂರನೆಯದರಲ್ಲಿ 2,000ದ ಹತ್ತಿರ, ಆರಾಮಾಗಿರುತ್ತದೆ. ಐದನೆಯದರಲ್ಲಿ 1,200ರ ಆಸುಪಾಸು ಗೊರಗೊರ ಅನ್ನುತ್ತಾ ಏದುಸಿರು ಬಿಡುತ್ತದೆ. ಗೇರು ಬದಲಿಸುವುದು ಅಂದರೆ ಇಂಜಿನ್ನಿಗೆ ಹಿತವಾದ ಸುತ್ತು ಹುಡುಕಿಕೊಡುವುದು. ಇಷ್ಟು ವೇಗಕ್ಕೆ ಇಷ್ಟನೇ ಗೇರು ಅಂತ ಬಾಯಿಪಾಠ ಮಾಡಬೇಡಿ. ಅದೇ 40ರಲ್ಲಿ ಐದು ಜನ ಕೂತು ಏರು ಹತ್ತುವಾಗ ಎರಡನೇ ಗೇರೇ ಬೇಕಾಗಬಹುದು. ಕಿರುಚಿದರೆ ಮೇಲಿನ ಗೇರು, ಗೊರಗುಟ್ಟಿದರೆ ಕೆಳಗಿನ ಗೇರು. ಸ್ಟೀರಿಯೋ ಮಾತ್ರ ಬಂದ್ ಮಾಡಿರಬೇಕು.

ಎರಡರಿಂದ ಮೂರಕ್ಕೆ ಹಾಕುವಾಗ ಎಷ್ಟೋ ಜನ ಲಿವರನ್ನು ಬಲಕ್ಕೆ ತಳ್ಳಿ ಐದಕ್ಕೆ ಸಿಕ್ಕಿಸುತ್ತಾರೆ. ತಳ್ಳಬೇಕಿಲ್ಲ. ಯಾವ ಗೇರೂ ಇಲ್ಲದ ನ್ಯೂಟ್ರಲ್‌ಗೆ ತಂದು ಕೈ ಸಡಿಲ ಬಿಟ್ಟರೆ ಒಳಗಿನ ಸ್ಪ್ರಿಂಗ್ ಅದನ್ನು ಮೂರು-ನಾಲ್ಕರ ಸಾಲಿಗೆ ತಾನೇ ತಂದು ನಿಲ್ಲಿಸುತ್ತದೆ. ಅಲ್ಲಿಂದ ನೇರ ಮೇಲೆ.

ಗೇರ್ ಬೀಳುವಾಗ ಒಳಗೆ ಆಗುವುದು ಓಡುವ ಬಸ್ಸು ಹತ್ತಿದ ಹಾಗೆ. ಬಸ್ಸಿನ ಜತೆ ನಾಲ್ಕು ಹೆಜ್ಜೆ ಓಡಿ ಹತ್ತಿದರೆ ಸರಿ, ನಿಂತಲ್ಲಿಂದ ಕಂಬಿ ಹಿಡಿದರೆ ಬೀಳುತ್ತೇವೆ. ಗೇರ್‌ಬಾಕ್ಸಿನಲ್ಲಿ ಹಾಗೆ ನಾಲ್ಕು ಹೆಜ್ಜೆ ಓಡುವ ಕೆಲಸ ಸಿಂಕ್ರೋ ಉಂಗುರಗಳದ್ದು. ಎರಡು ಭಾಗಗಳ ವೇಗವನ್ನು ಉಜ್ಜಿ ಸಮ ಮಾಡಿ ಆಮೇಲೆ ಹಲ್ಲು ಸೇರಿಸುತ್ತವೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಇವು ಮೊದಲು ಬಂದವು. ಚಿಕ್ಕಪ್ಪನ ಹಳೇ ಲಾರಿಯಲ್ಲಿ ಇರಲಿಲ್ಲ. ಅವರು ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್ ಒತ್ತಿ, ನಡುವೆ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು, ವೇಗವನ್ನು ಕಿವಿಯಿಂದಲೇ ಹೊಂದಿಸುತ್ತಿದ್ದರು. ನಮಗೆ ಅಷ್ಟು ತಾಪತ್ರಯ ಇಲ್ಲ. ಉಂಗುರಕ್ಕೆ ಅರೆಕ್ಷಣ ಕೊಟ್ಟರೆ ಸಾಕು, ಲಿವರನ್ನು ಗುದ್ದಬಾರದು. ಎಷ್ಟೋ ಕಾರುಗಳಲ್ಲಿ ರಿವರ್ಸ್ ಗೇರಿಗೆ ಮಾತ್ರ ಈ ಉಂಗುರ ಇರುವುದಿಲ್ಲ. ಕಾರು ಪೂರ್ತಿ ನಿಂತಮೇಲೇ ಅದನ್ನು ಹಾಕಬೇಕು. ಇಲ್ಲದಿದ್ದರೆ ಕರ್ರ್ ಅನ್ನುವ ಸದ್ದು ಬೀದಿಗೆಲ್ಲ ಕೇಳುತ್ತೆ.

ನಿಲ್ಲಿಸುವಾಗ ಹೊಸಬರು ಮಾಡುವ ತಪ್ಪು, ಬ್ರೇಕಿಗಿಂತ ಮೊದಲೇ ಕ್ಲಚ್ ಒತ್ತುವುದು. ಆಫ್ ಆಗುವ ಭಯ. ಹಾಗೆ ಮಾಡಿದರೆ ಕಾರು ಇಂಜಿನ್ನಿನಿಂದ ಬಿಡಿಸಿಕೊಂಡು ಸುಮ್ಮನೆ ಉರುಳುತ್ತದೆ. ಮೊದಲು ಬ್ರೇಕ್, ಸುತ್ತು ಇಳಿದು ಕಾರು ನಡುಗುವ ಮುಂಚೆ ಕ್ಲಚ್. ತುರ್ತು ಬಂದಾಗ ಲೆಕ್ಕ ಬೇಡ, ಎರಡನ್ನೂ ಜೋರಾಗಿ ಒತ್ತಿ. ಆಫ್ ಆದರೂ ಚಿಂತೆಯಿಲ್ಲ.

ಘಾಟಿ ಇಳಿಯುವಾಗ ಈ ತಪ್ಪು ದುಬಾರಿ. ಗೇರಿನಲ್ಲಿದ್ದು ರೇಸಿನಿಂದ ಕಾಲು ತೆಗೆದರೆ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಇಂಜಿನ್ ತಿರುಗಲು ಮೊಂಡು ಮಾಡುತ್ತದೆ. ಆ ಮೊಂಡೇ ನಮಗೆ ಪುಕ್ಕಟೆ ಬ್ರೇಕು. ಗೇರು ಚಿಕ್ಕದಾದಷ್ಟೂ ಮೊಂಡು ಜಾಸ್ತಿ. ನ್ಯೂಟ್ರಲ್ ಮಾಡಿದರೆ ಅದು ಹೋಯಿತು, ಇಡೀ ಭಾರ ಬ್ರೇಕಿನ ಮೇಲೆ. ಬ್ರೇಕ್ ಬಿಸಿಯಾಗುತ್ತದೆ. ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದಾದರೆ, ಹೊಸದಾಗಿದ್ದಾಗ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ ಮೇಲೆ, ಹಳೆಯದಾಗಿ ನೀರಿನಂಶ ಸೇರಿದರೆ ಅದಕ್ಕೂ ಮೊದಲೇ. ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಹತ್ತಿಯಂತೆ ಒಳಗೆ ಹೋಗುತ್ತದೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿದ ಮೈಸೂರು ಕಡೆಯವರಿಗೆ ಆ ಇಳಿಜಾರು ಎಂಥದ್ದು ಅಂತ ಗೊತ್ತು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ. ಉಳಿಯಲ್ಲ. ಕಂಪ್ಯೂಟರೇ ಇಂಧನ ಬಿಡುವ ಈಗಿನ ಇಂಜೆಕ್ಷನ್ ಕಾರು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಿರಲು ಅದು ಇಂಧನ ಕೊಡಲೇಬೇಕು. ಕೀ ಆಫ್ ಮಾಡುವುದಂತೂ ಹುಚ್ಚುತನ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಮತ್ತು ಪವರ್ ಸ್ಟೇರಿಂಗ್ ಎರಡೂ ಕೈಕೊಡುತ್ತವೆ. ಲಾರಿಯವರ ಹಳೇ ಮಾತು ಸುಲಭ: ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ದಾರಿ ಕಿರಿದಾಗಿದ್ದರೆ ಹತ್ತುವವರಿಗೆ ಮೊದಲು ದಾರಿ ಬಿಡಬೇಕು. ಅವರಿಗೆ ಏರಿನಲ್ಲಿ ಮತ್ತೆ ಹೊರಡುವ ಕಷ್ಟ ಇದೆಯಲ್ಲ.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಸವೆಯುವುದು ಆ 6 ಕಿ.ಮೀ. ಲೆಕ್ಕದಿಂದಲೇ. ಮುಂದಿನ ಗಾಡಿ ಎರಡಡಿ ಜರುಗಿದರೆ ನಾವೂ ಎರಡಡಿ ಜರುಗುತ್ತೇವೆ. ಪ್ರತಿ ಸಲವೂ ಪ್ಲೇಟು ಜಾರಿ ಕಾಯುತ್ತದೆ. ಸ್ವಲ್ಪ ಜಾಗ ಬಿಟ್ಟು, ಒಮ್ಮೆಗೆ ಹೋದರೆ ಕ್ಲಚ್ ಪೂರ್ತಿ ಬಿಡಬಹುದು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆದಿಡಿ. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ತೂಗಿಸಿ ನಿಲ್ಲಿಸುವವರನ್ನು ನೋಡಿ ಬೆರಗಾಗಬೇಡಿ, ಅವರ ಮೆಕ್ಯಾನಿಕ್ಕಿಗೆ ಲಾಭ. ಸುಟ್ಟ ವಾಸನೆ ಬಂದರೆ, ಅಥವಾ ನಾಲ್ಕನೇ ಗೇರಿನಲ್ಲಿ ರೇಸ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ, ಪ್ಲೇಟಿನ ಕಾಲ ಮುಗಿಯುತ್ತಾ ಬಂದಿದೆ. ಗೇರ್ ರಗಳೆ ಬೇಡ ಅಂತ ತಾನೇ ಗೇರ್ ಬದಲಿಸಿಕೊಳ್ಳುವ ಎಎಂಟಿ ಕಾರು ಕೊಂಡವರೂ ಇದರಿಂದ ಪಾರಾಗಿಲ್ಲ. 2014ರಲ್ಲಿ ಮಾರುತಿಯ ಸೆಲೆರಿಯೋ ಕಾರಿನ ಜತೆ ನಮ್ಮಲ್ಲಿ ಹೆಸರಾದ ಆ ಗೇರ್‌ಬಾಕ್ಸಿನೊಳಗೆ ಇದೇ ಕ್ಲಚ್ ಇದೆ. ಒತ್ತುವುದು ಕಾಲಲ್ಲ, ಯಂತ್ರ. ಏರಿನಲ್ಲಿ ರೇಸ್ ಕೊಟ್ಟೇ ಕಾರು ನಿಲ್ಲಿಸಿಕೊಂಡರೆ ಅದರ ಪ್ಲೇಟೂ ಸುಡುತ್ತದೆ.

ಏರಿನಲ್ಲಿ ಪಾರ್ಕ್ ಮಾಡುವಾಗಲೂ ಇಂಜಿನ್ನಿನ ಮೊಂಡುತನ ಕೆಲಸಕ್ಕೆ ಬರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಮೂತಿ ಮೇಲಕ್ಕಿದ್ದರೆ ಮೊದಲ ಗೇರು, ಕೆಳಕ್ಕಿದ್ದರೆ ರಿವರ್ಸ್ ಹಾಕಿ ಬಿಡಬೇಕು. ಘಾಟಿಯ ಟೀ ಅಂಗಡಿಯ ಮುಂದೆ ನಾನು ಹೀಗೆಲ್ಲ ಮಾಡಿ ಇಳಿದೆ. ಚಿಕ್ಕಪ್ಪ ಆದರೂ ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. ಟೀ ಕುಡಿದು ಹೊರಡುವಾಗ ಬಾಗಿಲು ತೆಗೆದೆ. "ಇರು ಪುಟ್ಟಿ" ಅಂದರು. "ಕಲ್ಲು ತೆಗೆದು ಆಚೆ ಹಾಕಿ ಹತ್ತು. ಕತ್ತಲಲ್ಲಿ ಬೈಕಿನವರು ಬರ್ತಾರೆ."